ಪುಕ್ಕಟೆಯಾದ ಮೇಲಿನ ಎಂಟು ವರ್ಷ: ಝಾಮರಿನ್ ಪ್ರಕರಣ

2025ರ ಏಪ್ರಿಲ್ 24ರಿಂದ ಆಪ್ ಸ್ಟೋರಿಗೆ ಏನೇ ಅಪ್‌ಲೋಡ್ ಮಾಡಿದರೂ ಅದು ಐಫೋನ್ ಆಪ್ ಕಟ್ಟುವ ತನ್ನ ಉಪಕರಣ ಎಕ್ಸ್‌ಕೋಡ್‌ನ 16ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದರಲ್ಲಿ ಬಿಲ್ಡ್ ಆಗಿರಬೇಕು ಎಂದು ಆಪಲ್ ವಿಧಿಸಿತು. ಇಂಥ ಗಡುವು ವರ್ಷಕ್ಕೊಂದು ಬರುತ್ತದೆ. ಆಪಲ್‌ನದೇ ಭಾಷೆ ಸ್ವಿಫ್ಟ್‌ನಲ್ಲಿ ಬರೆಯುವವರು ಗೊಣಗುತ್ತಲೇ ಮುಗಿಸಿಬಿಡುತ್ತಾರೆ. ಸಿ ಶಾರ್ಪ್ ಎಂಬ ಒಂದೇ ಭಾಷೆಯಲ್ಲಿ ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಆಪ್ ಬರೆಯಲು ಬಿಡುತ್ತಿದ್ದ ಮೈಕ್ರೋಸಾಫ್ಟ್‌ನ ಉಪಕರಣ ಝಾಮರಿನ್. ಅದರಲ್ಲಿ ಬರೆದ ಆಪ್‌ಗಳಿಗೆ ಮಾತ್ರ ಅಂದು ಬಾಗಿಲು ಮುಚ್ಚಿತು. ಎಕ್ಸ್‌ಕೋಡ್ 15 ಮತ್ತು ಆಂಡ್ರಾಯ್ಡ್‌ನ ಎಪಿಐ 34 ಎಂಬ ಆವೃತ್ತಿ, ಇವೆರಡನ್ನು ದಾಟಿ ಝಾಮರಿನ್ ಬರುವುದಿಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತು. 2024ರ ಮೇ 1ಕ್ಕೆ ಬೆಂಬಲವನ್ನೂ ನಿಲ್ಲಿಸಿತ್ತು. ಜನರ ಫೋನಿನಲ್ಲಿ ಆಗಲೇ ಇರುವ ಆಪ್ ಓಡುತ್ತಲೇ ಇರುತ್ತದೆ. ಅದರಲ್ಲೊಂದು ಕಾಗುಣಿತದ ತಪ್ಪು ತಿದ್ದಿ ಐಫೋನಿಗೆ ಹೊಸ ಆವೃತ್ತಿ ಕಳಿಸಬೇಕೆಂದರೆ ಮಾತ್ರ ಇಡೀ ಆಪನ್ನು ಬೇರೆ ಚೌಕಟ್ಟಿಗೆ ಸಾಗಿಸಬೇಕು.

ಇದೇ ಉಪಕರಣಕ್ಕೆ 2013ರಲ್ಲಿ ಕಂಪನಿಗಳು ತಲೆಗೆ 999 ಡಾಲರ್ ಕೊಡಬೇಕಿತ್ತು, ಅದೂ ಪ್ರತಿ ವರ್ಷ, ಐಫೋನಿಗೊಂದು ಸಲ, ಆಂಡ್ರಾಯ್ಡಿಗೊಂದು ಸಲ. 2016ರಲ್ಲಿ ಬೆಲೆ ಸೊನ್ನೆಯಾಯಿತು. ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಎಲ್ಲರೂ ಬೈದರು, ಪುಕ್ಕಟೆಯಾದಾಗ ಎಲ್ಲರೂ ಚಪ್ಪಾಳೆ ಹೊಡೆದರು, ಎಂಟು ವರ್ಷಕ್ಕೆ ಅಂಗಡಿ ಮುಚ್ಚಿತು. ಪುಕ್ಕಟೆ ಮಾಡಿದ್ದಕ್ಕೇ ಸತ್ತಿತು ಎಂದು ಹೇಳಲು ನಾನು ಹೊರಟಿಲ್ಲ, ಅದು ಸುಲಭದ ಕಥೆ. ಆ ಖರ್ಚು ಮಾಯವಾಗಲಿಲ್ಲ, ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಸರಿಯುತ್ತ ಹೋಯಿತು. ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದೇ ಇಲ್ಲಿನ ವಿಷಯ.

ಬೆಲೆ ಹುಟ್ಟಿದ್ದು ಎಲ್ಲಿ

ಮಿಗೆಲ್ ದೆ ಇಕಾಜಾ ಮತ್ತು ನ್ಯಾಟ್ ಫ್ರೀಡ್‌ಮನ್ 1999ರಲ್ಲಿ ಕಟ್ಟಿದ ಝಿಮಿಯನ್ ಕಂಪನಿ 2001ರಲ್ಲಿ ಮೋನೋ ಎಂಬ ಯೋಜನೆ ಘೋಷಿಸಿತು. ಮೈಕ್ರೋಸಾಫ್ಟ್‌ನ ಡಾಟ್ ನೆಟ್ಟನ್ನು, ಅಂದರೆ ಸಿ ಶಾರ್ಪ್ ಪ್ರೋಗ್ರಾಂಗಳು ಓಡುವ ವೇದಿಕೆಯನ್ನು, ಲಿನಕ್ಸ್‌ನಲ್ಲಿ ಓಡುವಂತೆ ಹೊಸದಾಗಿ ಬರೆಯುವುದು, ಅದೂ ಮುಕ್ತ ತಂತ್ರಾಂಶವಾಗಿ ಬರೆಯುವುದು ಅದರ ಗುರಿ. 2003ರಲ್ಲಿ ಝಿಮಿಯನ್ನನ್ನು ನೋವೆಲ್ ಕೊಂಡಿತು. 2004ರಲ್ಲಿ ಮೋನೋ 1.0 ಬಂತು. 2009ರ ಸೆಪ್ಟೆಂಬರಿನಲ್ಲಿ ಅದೇ ತಂಡ ಮೋನೋಟಚ್ ಹೊರತಂದಿತು. ಸಿ ಶಾರ್ಪ್‌ನಲ್ಲಿ ಬರೆದು ಐಫೋನಿನಲ್ಲಿ ಓಡಿಸಬಹುದಾಯಿತು. ವೈಯಕ್ತಿಕ ಲೈಸೆನ್ಸಿಗೆ 399 ಡಾಲರ್, ಕಂಪನಿಗಾದರೆ 999. ಆಗಿನ ವಿನಿಮಯ ದರದಲ್ಲಿ ಕಡಿಮೆಯದ್ದೇ ಸುಮಾರು 19 ಸಾವಿರ ರೂಪಾಯಿ. ದುಡ್ಡು ಕೊಡದೆ ನೋಡುವವರಿಗೆ ಸಿಮ್ಯುಲೇಟರ್ ಮಾತ್ರ. ಕಂಪ್ಯೂಟರಿನ ಪರದೆಯ ಮೇಲಿನ ಐಫೋನಿನಲ್ಲಿ ಆಪ್ ಓಡುತ್ತಿತ್ತು, ಕೈಯಲ್ಲಿರುವ ಐಫೋನಿಗೆ ಹೋಗುತ್ತಿರಲಿಲ್ಲ.

ಮುಕ್ತ ತಂತ್ರಾಂಶಕ್ಕೆ ಬೆಲೆ ಹೇಗೆ ಬಂತು? ಈ ಪ್ರಕರಣದ ಬೇರು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡಾಟ್ ನೆಟ್ ಸಾಮಾನ್ಯವಾಗಿ ಪ್ರೋಗ್ರಾಂ ಓಡುವಾಗಲೇ ಅದನ್ನು ಯಂತ್ರಭಾಷೆಗೆ ತಿರುಗಿಸಿಕೊಳ್ಳುತ್ತದೆ. ಐಫೋನಿನಲ್ಲಿ ಆಪ್ ಒಂದು ತಾನಾಗಿಯೇ ಹೊಸ ಯಂತ್ರಸಂಕೇತ ಸೃಷ್ಟಿಸಿ ಓಡಿಸುವುದಕ್ಕೆ ಆಪಲ್ ಬಿಡುವುದಿಲ್ಲ. ಆದ್ದರಿಂದ ಮೋನೋ ತಂಡ ಎಲ್ಲವನ್ನೂ ಮುಂಚಿತವಾಗಿಯೇ ಕಂಪೈಲ್ ಮಾಡಿ, ಪ್ರೋಗ್ರಾಂ ಓಡಿಸುವ ರನ್‌ಟೈಮನ್ನೂ ಆಪನ್ನೂ ಒಂದೇ ಬೈನರಿಯಾಗಿ ಬೆಸೆಯಬೇಕಾಯಿತು. ಆದರೆ ಮೋನೋ ರನ್‌ಟೈಮ್ ಇದ್ದದ್ದು ಎಲ್‌ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನಲ್ಲಿ. ಆ ಲೈಸೆನ್ಸಿನ ಷರತ್ತಿನ ಪ್ರಕಾರ ಬಳಕೆದಾರ ಬಯಸಿದರೆ ಆ ಲೈಬ್ರರಿಯನ್ನು (ಇಲ್ಲಿ ರನ್‌ಟೈಮನ್ನು) ಬದಲಿಸಿ ಆಪಿಗೆ ಮತ್ತೆ ಬೆಸೆದುಕೊಳ್ಳಲು ಆಗಬೇಕು. ಸಹಿ ಹಾಕಿ ಬೀಗ ಜಡಿದು ಕೊಡುವ ಐಫೋನ್ ಆಪಿನಲ್ಲಿ ಅದೆಲ್ಲಿ ಸಾಧ್ಯ? ಅತ್ತ ಆಪಲ್‌ನ ನಿಯಮ, ಇತ್ತ ಎಲ್‌ಜಿಪಿಎಲ್‌ನ ನಿಯಮ. ನಡುವೆ ಉಳಿದ ದಾರಿ ಒಂದೇ, ಹಕ್ಕುಸ್ವಾಮ್ಯ ಇರುವವರಿಂದ ಬೇರೆ ವಾಣಿಜ್ಯ ಲೈಸೆನ್ಸ್ ಕೊಳ್ಳುವುದು. ರನ್‌ಟೈಮಿನ ಹಕ್ಕು ನೋವೆಲ್ ಬಳಿ ಇತ್ತು. ಹಾಗೆ ಎರಡು ನಿಯಮಗಳ ಸಂದಿಯಲ್ಲಿ 399 ಡಾಲರ್ ಹುಟ್ಟಿಕೊಂಡಿತು. ಯೂನಿಟಿ ಗೇಮ್ ಎಂಜಿನ್ನಿನ ಒಳಗೆ ಇದ್ದದ್ದೂ ಮೋನೋವೇ. ಅವರೂ ಲೈಸೆನ್ಸ್ ಪಡೆದೇ ಬಳಸುತ್ತಿದ್ದರು, ಮತ್ತು ವರ್ಷಗಟ್ಟಲೆ ಹಳೆಯ ಮೋನೋದಲ್ಲೇ ಉಳಿದರು.

ಬೆಲೆಯ ಇನ್ನೊಂದು ಪಾಲು ಸಂಬಳಕ್ಕೆ. ಆಪಲ್‌ನ ಕೋಡಿನ ಪ್ರತಿ ಘಟಕಕ್ಕೂ, ಅಂದರೆ ಕ್ಲಾಸಿಗೂ, ಸಿ ಶಾರ್ಪ್‌ನಲ್ಲಿ ಒಂದು ಪ್ರತಿರೂಪ ಬೇಕು. ಡೆವಲಪರುಗಳು ಇದಕ್ಕೆ ಬೈಂಡಿಂಗ್ ಅನ್ನುತ್ತಾರೆ. ಪ್ರತಿ ಜೂನಿನಲ್ಲಿ ಆಪಲ್ ಹೊಸ ಐಓಎಸ್‌ನ ಬೀಟಾ ಬಿಡುತ್ತದೆ, ಸೆಪ್ಟೆಂಬರಿನಲ್ಲಿ ಅದು ಜನರ ಫೋನಿಗೆ ಇಳಿಯುತ್ತದೆ. ಆ ಮೂರು ತಿಂಗಳಲ್ಲಿ ಸಾವಿರಾರು ಹೊಸ ಮೆಥಡ್‌ಗಳಿಗೆ ಬೈಂಡಿಂಗ್ ಬರೆದು, ಐಓಎಸ್ ಬಂದ ದಿನವೇ ತಾವೂ ಬಿಡುಗಡೆ ಮಾಡಬೇಕು. ಝಾಮರಿನ್ ಇದನ್ನು ವರ್ಷ ತಪ್ಪಿಸದೆ ಮಾಡಿ ತೋರಿಸಿತು, ಅದನ್ನೇ ತನ್ನ ಹೆಮ್ಮೆ ಎಂದು ಹೇಳಿಕೊಂಡಿತು. ಲೈಸೆನ್ಸ್ ದುಡ್ಡು ಹೋಗುತ್ತಿದ್ದದ್ದು ಈ ಓಟಕ್ಕೆ. ಯಾರು ದುಡ್ಡು ಕೊಟ್ಟರೂ ಕೊಡದಿದ್ದರೂ ಈ ಓಟ ನಿಲ್ಲುವಂಥದ್ದಲ್ಲ ಎಂಬುದನ್ನು ಮುಂದೆ ಓದುವಾಗ ನೆನಪಿಟ್ಟುಕೊಳ್ಳಿ.

ಎರಡು ಗಂಡಾಂತರ

ಕೊಂಡವರಿಗೆ ಮೊದಲ ಏಟು ಬಿದ್ದದ್ದು 2010ರ ಏಪ್ರಿಲ್‌ನಲ್ಲಿ. ಐಫೋನ್ ಓಎಸ್ 4ರ ಬೀಟಾ ಜೊತೆ ಬಂದ ಡೆವಲಪರ್ ಒಪ್ಪಂದದ 3.3.1ನೇ ಕಲಮಿನಲ್ಲಿ ಆಪಲ್ ಒಂದು ಸಾಲು ಸೇರಿಸಿತು: ಆಪ್ ಮೂಲತಃ ಆಬ್ಜೆಕ್ಟಿವ್ ಸಿ, ಸಿ, ಸಿ ಪ್ಲಸ್ ಪ್ಲಸ್ ಅಥವಾ ಆಪಲ್‌ನ ಬ್ರೌಸರ್ ಎಂಜಿನ್ ವೆಬ್‌ಕಿಟ್ ಓಡಿಸುವ ಜಾವಾಸ್ಕ್ರಿಪ್ಟ್‌ನಲ್ಲೇ ಬರೆದಿರಬೇಕು. ಗುರಿ ಅಡೋಬಿಯ ಫ್ಲ್ಯಾಶ್ ಆಗಿತ್ತು. ಆದರೆ ಅಕ್ಷರಶಃ ಓದಿದರೆ ಸಿ ಶಾರ್ಪ್ ಕೂಡ ನಿಷಿದ್ಧ. ಸೆಪ್ಟೆಂಬರ್ 9ಕ್ಕೆ ಆಪಲ್ ಆ ಸಾಲನ್ನು ಸಡಿಲಿಸಿತು. ನಡುವಿನ ಐದು ತಿಂಗಳು, ಕಾಸು ಕೊಟ್ಟು ಕೊಂಡ ಉಪಕರಣದ ಭವಿಷ್ಯ ಅದನ್ನು ಮಾರಿದವರ ಕೈಯಲ್ಲೂ ಇರಲಿಲ್ಲ, ಕೊಂಡವರ ಕೈಯಲ್ಲೂ ಇರಲಿಲ್ಲ.

ಎರಡನೆಯದು ಮನೆಯೊಳಗಿನದು. ಅಟ್ಯಾಚ್‌ಮೇಟ್ ಎಂಬ ಕಂಪನಿ ನೋವೆಲ್ಲನ್ನು 220 ಕೋಟಿ ಡಾಲರಿಗೆ ಕೊಂಡಿತು, ವ್ಯವಹಾರ 2011ರ ಏಪ್ರಿಲ್ ಕೊನೆಗೆ ಮುಗಿಯಿತು. ಮೇ ಮೊದಲ ವಾರದಲ್ಲೇ ಮೋನೋ ತಂಡವನ್ನು ಕೆಲಸದಿಂದ ತೆಗೆದರು. ಲೈಸೆನ್ಸ್ ಕೊಂಡವರ ಬಳಿ ಉತ್ಪನ್ನ ಇತ್ತು, ಅದನ್ನು ಕಟ್ಟಿದವರಿಗೆ ಕೆಲಸ ಇರಲಿಲ್ಲ. ಮೇ 16ಕ್ಕೆ ದೆ ಇಕಾಜಾ ಝಾಮರಿನ್ ಎಂಬ ಹೊಸ ಕಂಪನಿ ಘೋಷಿಸಿ, ಮೋನೋಟಚ್‌ಗೆ ಹೊಂದುವ ಉಪಕರಣವನ್ನು ಮೊದಲಿಂದ ಬರೆಯುತ್ತೇವೆ ಎಂದರು. ಜುಲೈ 18ರಂದು ಅಟ್ಯಾಚ್‌ಮೇಟ್‌ನ ಸುಸೆ ವಿಭಾಗ ಹಳೆಯ ಉತ್ಪನ್ನಗಳ ಶಾಶ್ವತ ಹಕ್ಕನ್ನು ಝಾಮರಿನ್‌ಗೆ ಬಿಟ್ಟುಕೊಟ್ಟಿತು. ಮತ್ತೆ ಬರೆಯುವುದು ತಪ್ಪಿತು.

ಈ ಉಪಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ಸಂಗತಿ. ಆ ತಂಡ ಎರಡು ವಾರದಲ್ಲಿ ಎದ್ದು ನಿಂತದ್ದು ದುಡ್ಡು ಕೊಡುವ ಗಿರಾಕಿಗಳು ಇದ್ದರು ಎಂಬ ಧೈರ್ಯದ ಮೇಲೆ. ಮೋನೋಟಚ್ ಆಗಲೇ ಪುಕ್ಕಟೆ ಆಗಿದ್ದರೆ ಬಂಡವಾಳ ಕೊಡುವವರಿಗೆ ತೋರಿಸಲು ಅವರ ಬಳಿ ಏನಿರುತ್ತಿತ್ತು?

2013ರ ದರಪಟ್ಟಿ, ರೂಪಾಯಿಯಲ್ಲಿ

2013ರ ಫೆಬ್ರವರಿಯಲ್ಲಿ ಝಾಮರಿನ್ 2.0 ಬಂತು, ಜೊತೆಗೆ ಹೊಸ ದರಪಟ್ಟಿ. ಸ್ಟಾರ್ಟರ್ ಉಚಿತ, ಆದರೆ ಕೋಡಿನ ಗಾತ್ರಕ್ಕೆ ಬಿಗಿಯಾದ ಮಿತಿ. ಇಂಡಿ ವರ್ಷಕ್ಕೆ 299 ಡಾಲರ್, ಚಿಕ್ಕ ತಂಡಗಳಿಗೆ ಮಾತ್ರ, ಅದರಲ್ಲಿ ಕೋಡ್ ಬರೆಯುವ ಮೈಕ್ರೋಸಾಫ್ಟ್‌ನ ತಂತ್ರಾಂಶ ವಿಷುವಲ್ ಸ್ಟುಡಿಯೋಗೆ ಬೆಂಬಲ ಇಲ್ಲ. ಬಿಸಿನೆಸ್ 999, ಎಂಟರ್‌ಪ್ರೈಸ್ 1,899. ಎಲ್ಲವೂ ಒಬ್ಬ ಡೆವಲಪರಿಗೆ, ಒಂದು ಪ್ಲಾಟ್‌ಫಾರ್ಮಿಗೆ.

ಡಾಟ್ ನೆಟ್ ಬರೆಯುವವರು ಕೂರುವುದೇ ವಿಷುವಲ್ ಸ್ಟುಡಿಯೋದಲ್ಲಿ. ಅದನ್ನು 299ರ ಮೆಟ್ಟಿಲಿನಿಂದ ಕಿತ್ತು 999ಕ್ಕೆ ಇಟ್ಟದ್ದು ಮಾರಾಟದವರ ಚಾಣಾಕ್ಷತನ, ಡೆವಲಪರಿನ ಪಾಲಿಗೆ ಕಿರಿಕಿರಿ. ಬೆಂಗಳೂರಿನ ಯಾವುದೋ ಸೇವಾ ಕಂಪನಿಯ ಐದು ಜನರ ತಂಡ ಅಮೆರಿಕದ ಗಿರಾಕಿಗೆ ಎರಡೂ ಫೋನಿಗೆ ಆಪ್ ಮಾಡಿಕೊಡುತ್ತಿದೆ ಎಂದಿಟ್ಟುಕೊಳ್ಳಿ. ತಲೆಗೆ 1,998 ಡಾಲರ್, ಐದು ಜನಕ್ಕೆ 9,990. ಫೆಬ್ರವರಿಯಲ್ಲಿ ಡಾಲರ್ ಸುಮಾರು 54 ರೂಪಾಯಿ ಇತ್ತು, ಲೆಕ್ಕ ಐದು ಲಕ್ಷ ನಲವತ್ತು ಸಾವಿರದ ಆಸುಪಾಸು. ಅದೇ ವರ್ಷದ ಆಗಸ್ಟ್ ಕೊನೆಗೆ ರೂಪಾಯಿ ಕುಸಿದು ಡಾಲರ್ 68 ದಾಟಿತು. ಆಗ ಆರು ಲಕ್ಷ ಎಂಬತ್ತು ಸಾವಿರ. ದರಪಟ್ಟಿಯಲ್ಲಿ ಒಂದಂಕಿಯೂ ಬದಲಾಗದೆ ಆರು ತಿಂಗಳಲ್ಲಿ ಒಂದು ಲಕ್ಷ ನಲವತ್ತು ಸಾವಿರ ಏರಿದಂತಾಯಿತು. ದೊಡ್ಡ ಸೇವಾ ಕಂಪನಿಗಳು ಹೊಸಬರಿಗೆ ವರ್ಷಕ್ಕೆ ಮೂರು, ಮೂರೂವರೆ ಲಕ್ಷ ಕೊಡುತ್ತಿದ್ದ ಕಾಲ ಅದು. ಅಂದರೆ ಹುಡುಗನ ಸಂಬಳದ ಮೂರನೇ ಒಂದು ಪಾಲು ಅವನ ಉಪಕರಣಕ್ಕೇ. ಅಮೆರಿಕದಲ್ಲಿ ಅದೇ 1,998 ಡಾಲರ್ ಡೆವಲಪರಿನ ಹೆಚ್ಚುಕಡಿಮೆ ಒಂದು ವಾರದ ಸಂಬಳ. ಎರಡು ಭಾಷೆಯ ಎರಡು ತಂಡದ ಬದಲು ಒಂದೇ ತಂಡ ಸಾಕು ಎಂಬ ವಾದ ಅಲ್ಲಿ ಕೂಡಲೇ ಒಪ್ಪಿಗೆಯಾಗುತ್ತಿತ್ತು. ಇಲ್ಲಿ ಎರಡನೇ ತಂಡವೇ ಅಗ್ಗ.

ಗಿರಾಕಿ ಬಿಲ್ ಕಟ್ಟುವ ಪ್ರಾಜೆಕ್ಟಿನಲ್ಲಿ ಲೈಸೆನ್ಸ್ ಸಿಗುತ್ತಿತ್ತು. ಬೆಂಚಿನಲ್ಲಿ, ಅಂದರೆ ಪ್ರಾಜೆಕ್ಟಿಲ್ಲದೆ, ಕೂತವನಿಗೆ ಸಿಗುತ್ತಿರಲಿಲ್ಲ. ಕಲಿತವರಿಗೆ ಪ್ರಾಜೆಕ್ಟ್, ಪ್ರಾಜೆಕ್ಟ್ ಇದ್ದವರಿಗೆ ಕಲಿಕೆ. ಈ ಸುತ್ತು ಹೊಕ್ಕುವ ಬಾಗಿಲೇ ಇರಲಿಲ್ಲ. ಟ್ರಯಲ್‌ನಲ್ಲಿ ಕಟ್ಟಿದ ಆಪ್ 24 ಗಂಟೆಗೆ ಸಾಯುತ್ತಿತ್ತು. ಆಂಡ್ರಾಯ್ಡ್‌ಗೆ ಜಾವಾ ಕಲಿಯಲು ಬೇಕಿದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್, ಆಪ್ ಪ್ರಕಟಿಸಲು ಗೂಗಲ್‌ಗೆ ಒಂದೇ ಸಲ 25 ಡಾಲರ್. ಆಪಲ್‌ಗೆ ವರ್ಷಕ್ಕೆ 99. ಮನೆಯಲ್ಲಿ ಕೂತು ರಾತ್ರಿ ಕಲಿಯುವವರು ಯಾವ ಕಡೆ ಹೋಗುತ್ತಾರೆ ಎಂದು ಊಹಿಸಲು ಜ್ಯೋತಿಷ್ಯ ಬೇಡ. 2015ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಜಾವಾಸ್ಕ್ರಿಪ್ಟ್‌ನಲ್ಲಿ ಆಪ್ ಬರೆಯುವ ಚೌಕಟ್ಟಾದ ರಿಯಾಕ್ಟ್ ನೇಟಿವ್ ಅನ್ನು ಮುಕ್ತವಾಗಿ ಬಿಟ್ಟಿತು, ಸೆಪ್ಟೆಂಬರಿನಲ್ಲಿ ಅದಕ್ಕೆ ಆಂಡ್ರಾಯ್ಡ್ ಸೇರಿತು. ಜಾವಾಸ್ಕ್ರಿಪ್ಟ್ ಬಲ್ಲ ಲಕ್ಷಾಂತರ ಜನ ಒಂದು ಕಾಸು ಕೊಡದೆ ಒಳಗೆ ಬಂದರು.

ನನ್ನ ತೀರ್ಪು: ಝಾಮರಿನ್‌ಗೆ ಪೆಟ್ಟು ಕೊಟ್ಟದ್ದು 999 ಎಂಬ ಅಂಕಿಗಿಂತ ಹೆಚ್ಚಾಗಿ ಅದರ ಬೇಲಿ ಹಾಕಿದ ಜಾಗ. ಕಂಪನಿಗಳಿಂದ ವಸೂಲಿ ಮಾಡುವುದು ಸರಿಯೇ. ಕಲಿಯುವವರ ಮುಂದೆಯೇ ಬೇಲಿ ಹಾಕಿದ್ದು ತಪ್ಪು. ಮೈಕ್ರೋಸಾಫ್ಟ್ ಕೊಳ್ಳುವ ಹೊತ್ತಿಗೆ ಝಾಮರಿನ್‌ಗೆ 120 ದೇಶಗಳಲ್ಲಿ 15,000ಕ್ಕೂ ಹೆಚ್ಚು ಗಿರಾಕಿಗಳು, ಉಪಕರಣ ಬಳಸಿ ನೋಡಿದ 13 ಲಕ್ಷ ಡೆವಲಪರುಗಳು ಎಂದು ಘೋಷಣೆಯಲ್ಲಿ ಹೇಳಿದ್ದರು. ಗಿರಾಕಿ ಎಂದರೆ ಹೆಚ್ಚಾಗಿ ಕಂಪನಿ, ಹಾಗಾಗಿ ಎರಡನ್ನೂ ನೇರ ಭಾಗಿಸುವುದು ಸರಿಯಲ್ಲ. ಹಾಗಿದ್ದೂ ಬಂದು ನೋಡಿ ಹೋದವರು ಎಷ್ಟು ಎಂಬ ಅಂದಾಜು ಅದರಲ್ಲೇ ಸಿಗುತ್ತದೆ.

ಸೊನ್ನೆ

2016ರ ಫೆಬ್ರವರಿ 24ರಂದು ಮೈಕ್ರೋಸಾಫ್ಟ್ ಖರೀದಿ ಘೋಷಿಸಿತು. ಮಾರ್ಚ್ 31ರಂದು ಬಿಲ್ಡ್ ಎಂಬ ತನ್ನ ಸಮ್ಮೇಳನದ ವೇದಿಕೆಯಿಂದ ಸುದ್ದಿ ಬಂತು: ಝಾಮರಿನ್ ಇನ್ನು ವಿಷುವಲ್ ಸ್ಟುಡಿಯೋದ ಎಲ್ಲ ಆವೃತ್ತಿಗಳಲ್ಲೂ ಹೆಚ್ಚುವರಿ ಬೆಲೆಯಿಲ್ಲದೆ ಸಿಗುತ್ತದೆ, ಉಚಿತವಾದ ಕಮ್ಯುನಿಟಿ ಆವೃತ್ತಿಯಲ್ಲೂ. ಎಸ್‌ಡಿಕೆಯ (ಆಪ್ ಕಟ್ಟುವ ಸಾಧನಗಳ) ಮೂಲವನ್ನು ಮುಕ್ತ ಮಾಡುತ್ತೇವೆ, ಮೋನೋದ ಲೈಸೆನ್ಸನ್ನು ಹೆಚ್ಚು ಷರತ್ತಿಲ್ಲದ ಎಂಐಟಿ ಲೈಸೆನ್ಸಿಗೆ ಬದಲಿಸುತ್ತೇವೆ ಎಂದೂ ಹೇಳಿದರು. ಎಲ್‌ಜಿಪಿಎಲ್‌ನ ಸಂದಿಯಲ್ಲಿ ಹುಟ್ಟಿದ್ದ ಬೆಲೆಗೆ ಆಧಾರವೇ ಹೋಯಿತು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬಂತೆ ಡೌನ್‌ಲೋಡ್ ಮಾಡದ ಡಾಟ್ ನೆಟ್ ಡೆವಲಪರ್ ಆ ವಾರ ಇರಲಿಲ್ಲ.

ಮೈಕ್ರೋಸಾಫ್ಟ್ ದಾನಕ್ಕೆ ಕೂತದ್ದಲ್ಲ. ಅದರ ಹಿಂದಿನ ವರ್ಷ ಜುಲೈನಲ್ಲಿ ನೋಕಿಯಾ ಖರೀದಿಗೆ ಸಂಬಂಧಿಸಿ 760 ಕೋಟಿ ಡಾಲರ್ ನಷ್ಟ ಬರೆದುಕೊಂಡಿತ್ತು. ತನ್ನದೇ ಫೋನ್ ಗೆಲ್ಲುವುದಿಲ್ಲ ಎಂದು ಆಗಲೇ ಗೊತ್ತು. ಉಳಿದದ್ದು, ಬೇರೆಯವರ ಫೋನಿನಲ್ಲಿ ಓಡುವ ಆಪ್‌ಗಳ ಹಿಂದಿನ ಸರ್ವರ್ ತನ್ನ ಕ್ಲೌಡ್ ಸೇವೆ ಅಝೂರ್‌ನಲ್ಲಿ ಇರಲಿ, ಬರೆಯುವವರು ವಿಷುವಲ್ ಸ್ಟುಡಿಯೋದಲ್ಲಿ ಇರಲಿ ಎಂಬ ಆಸೆ. ಆ ಲೆಕ್ಕದಲ್ಲಿ ಝಾಮರಿನ್‌ನ ಲೈಸೆನ್ಸ್ ಆದಾಯ ಚಿಲ್ಲರೆ ಕಾಸು. ಸೆಪ್ಟೆಂಬರಿನ ಓಟದ ಖರ್ಚು ಈಗ ಗಿರಾಕಿಗಳ ಲೈಸೆನ್ಸಿನಿಂದ ಮೈಕ್ರೋಸಾಫ್ಟ್‌ನ ಬಜೆಟ್ಟಿನ ಒಂದು ಸಾಲಿಗೆ ಸರಿಯಿತು. ಅಲ್ಲಿ ಅದು ಅಝೂರ್, ಆಫೀಸ್‌ಗಳ ಜೊತೆ ವರ್ಷವರ್ಷ ಪೈಪೋಟಿ ಮಾಡಬೇಕು.

ಇದೇ ವಾರಗಳಲ್ಲಿ ಇನ್ನೊಂದು ಘಟನೆ ನಡೆಯಿತು, ಸಂಭ್ರಮದ ಗದ್ದಲದಲ್ಲಿ ಹೆಚ್ಚು ಜನ ಗಮನಿಸಲಿಲ್ಲ. ರೋಬೋವಿಎಂ ಎಂಬ ಉಪಕರಣ ಜಾವಾದಲ್ಲಿ ಬರೆದದ್ದನ್ನು ಐಫೋನಿನಲ್ಲಿ ಓಡಿಸುತ್ತಿತ್ತು. ಜಾವಾದ ಗೇಮ್ ಚೌಕಟ್ಟಾದ ಲಿಬ್‌ಜಿಡಿಎಕ್ಸ್ ಬಳಸುವ ಡೆವಲಪರುಗಳಿಗೆ ಅದು ಐಫೋನಿನ ದಾರಿ. 2015ರಲ್ಲಿ ಝಾಮರಿನ್ ಅದನ್ನು ಕೊಂಡುಕೊಂಡಿತ್ತು, ಮುಕ್ತವಾಗಿದ್ದ ಮೂಲವೂ ಆ ವರ್ಷವೇ ಮುಚ್ಚಿತು. ಮೈಕ್ರೋಸಾಫ್ಟ್ ಕೈಗೆ ಬಂದ ಮೇಲೆ 2016ರ ಏಪ್ರಿಲ್‌ನಲ್ಲಿ ರೋಬೋವಿಎಂ ಮಾರಾಟ ನಿಲ್ಲಿಸಿ, ಚಂದಾದಾರರಿಗೆ 2017ರ ಏಪ್ರಿಲ್‌ವರೆಗೆ ಬೆಂಬಲ ಎಂದರು. ಸಿ ಶಾರ್ಪ್‌ನವರಿಗೆ ಹಬ್ಬವಾದ ಹೊತ್ತಿಗೇ ಜಾವಾದವರಿಗೆ ಸೂತಕ. ಮುಚ್ಚುವ ಮುನ್ನ ಮುಕ್ತವಾಗಿದ್ದ ಕೊನೆಯ ಆವೃತ್ತಿಯನ್ನು ಸಮುದಾಯದವರು ಎತ್ತಿಕೊಂಡು ಮೋಬಿವಿಎಂ ಹೆಸರಿನಲ್ಲಿ ಮುಂದುವರಿಸಿದರು. ಅವರನ್ನು ಉಳಿಸಿದ್ದು ಕೊಟ್ಟ ದುಡ್ಡಲ್ಲ, ಹಿಂದೊಮ್ಮೆ ಮೂಲದ ಮೇಲಿದ್ದ ಲೈಸೆನ್ಸಿನ ಒಕ್ಕಣೆ.

ಕಾಲು ಎಳೆದ ವರ್ಷಗಳು

ಪುಕ್ಕಟೆಯಾದ ಮೇಲೆ ಝಾಮರಿನ್ ಬೆಳೆಯಿತು, ನಿಜ. ವಿಷುವಲ್ ಸ್ಟುಡಿಯೋದಲ್ಲಿ ಒಂದು ಗುರುತು ಹಾಕಿದರೆ ಇನ್‌ಸ್ಟಾಲ್ ಆಗುತ್ತಿತ್ತು. ಆದರೆ ಬರುವ ಹೊತ್ತಿಗೆ ಊಟದ ಪಂಕ್ತಿ ಎದ್ದಾಗಿತ್ತು. ರಿಯಾಕ್ಟ್ ನೇಟಿವ್‌ಗೆ ಒಂದು ವರ್ಷದ ಮುನ್ನಡೆ, 2018ರ ಡಿಸೆಂಬರಿನಲ್ಲಿ ಗೂಗಲ್‌ನ ಇಂಥದೇ ಚೌಕಟ್ಟು ಫ್ಲಟರ್ 1.0. ಅದೇ ವರ್ಷ ನ್ಯಾಟ್ ಫ್ರೀಡ್‌ಮನ್ ಕೋಡ್ ಹಂಚುವ ತಾಣ ಗಿಟ್‌ಹಬ್‌ನ ಮುಖ್ಯಸ್ಥರಾಗಿ ಹೋದರು. 2022ರಲ್ಲಿ ದೆ ಇಕಾಜಾ ಮೈಕ್ರೋಸಾಫ್ಟ್ ಬಿಟ್ಟರು. ಈಗ ಅವರು ಬರೆಯುತ್ತಿರುವುದು ಹೆಚ್ಚಾಗಿ ಆಪಲ್‌ನ ಸ್ವಿಫ್ಟ್‌ನಲ್ಲಿ!

2020ರ ಮೇನಲ್ಲಿ ಝಾಮರಿನ್‌ನಲ್ಲಿ ಪರದೆಗಳನ್ನು ಕಟ್ಟುವ ಭಾಗವಾದ ಝಾಮರಿನ್ ಫಾರ್ಮ್ಸ್‌ಗೆ ಉತ್ತರಾಧಿಕಾರಿಯಾಗಿ ಡಾಟ್ ನೆಟ್ ಮಾವಿಯನ್ನು ಘೋಷಿಸಿದರು. 2021ರ ನವೆಂಬರಿನಲ್ಲಿ ಡಾಟ್ ನೆಟ್ 6ರ ಜೊತೆ ಬರಬೇಕಿತ್ತು, 2022ರ ಮೇಗೆ ಬಂತು. 2023ರ ಆಗಸ್ಟಿನಲ್ಲಿ ಮ್ಯಾಕ್‌ಗಾಗಿದ್ದ ವಿಷುವಲ್ ಸ್ಟುಡಿಯೋ ನಿಲ್ಲಿಸುತ್ತೇವೆ ಎಂದರು, ವರ್ಷ ಕಳೆದು ನಿಲ್ಲಿಸಿದರು. 2024ರ ಆಗಸ್ಟಿನಲ್ಲಿ ಮೋನೋ ಯೋಜನೆಯನ್ನು ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಯೋಜನೆಯ ಸಮುದಾಯಕ್ಕೆ ಹಸ್ತಾಂತರಿಸಿದರು. ಆಪ್‌ಗಳನ್ನು ಬಿಲ್ಡ್ ಮಾಡಿ ಪರೀಕ್ಷಿಸುವ ಆಪ್ ಸೆಂಟರ್ 2025ರ ಮಾರ್ಚ್ 31ಕ್ಕೆ ಮುಚ್ಚಿತು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. 2020ರಿಂದ 2024 ಎಂದರೆ ನಾಲ್ಕು ವರ್ಷದ ಮುನ್ಸೂಚನೆ. ರೋಬೋವಿಎಂನವರಿಗೆ ಸಿಕ್ಕಿದ್ದು ಒಂದು ವರ್ಷ. ಐಓಎಸ್, ಆಂಡ್ರಾಯ್ಡ್ ಬೈಂಡಿಂಗ್‌ಗಳ ಕೆಲಸ ಡಾಟ್ ನೆಟ್ ಒಳಗೆ ಮುಂದುವರಿದಿದೆ. ಪರದೆಗೆ ಸಂಬಂಧಿಸದ ಸಿ ಶಾರ್ಪ್ ಕೋಡ್ ಬಹುಪಾಲು ಹಾಗೇ ಬರುತ್ತದೆ. ತೊಂದರೆ ಇರುವುದು ಕಣ್ಣಿಗೆ ಕಾಣುವ ಭಾಗದಲ್ಲಿ.

ಸಾಗಣೆಯ ಒಳಗೆ

ಒಂದು ಮಧ್ಯಮ ಗಾತ್ರದ ಆಪ್ ತೆಗೆದುಕೊಳ್ಳಿ: ನಲವತ್ತು ಪರದೆ, ವಿತರಕರು ಆರ್ಡರ್ ಹಾಕುವಂಥದ್ದು. ಮೊದಲ ದಿನ ಹುರುಪಿನಿಂದ ಸಾಗುತ್ತದೆ. ನೇಮ್‌ಸ್ಪೇಸ್‌ಗಳನ್ನು (ಕೋಡಿನ ಗುಂಪುಗಳ ಹೆಸರನ್ನು) ಬದಲಿಸುವುದು, ಪ್ರಾಜೆಕ್ಟ್ ಫೈಲನ್ನು ಹೊಸ ರೂಪಕ್ಕೆ ತರುವುದು, ಇದಕ್ಕೆಲ್ಲ ಮೈಕ್ರೋಸಾಫ್ಟ್‌ನದೇ ಸಹಾಯಕ ಉಪಕರಣ ಇದೆ. ಆಮೇಲೆ ಬಿಲ್ಡ್ ಆಗುತ್ತದೆ, ಆಪ್ ತೆರೆಯುತ್ತದೆ, ಎಲ್ಲ ಪರದೆಯೂ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಯಾಕೆಂದರೆ ಝಾಮರಿನ್ ಫಾರ್ಮ್ಸ್‌ನಲ್ಲಿ ಪರದೆಯ ಭಾಗಗಳನ್ನು ಜೋಡಿಸುವ ಸ್ಟ್ಯಾಕ್‌ಲೇಔಟ್, ಗ್ರಿಡ್‌ಗಳಲ್ಲಿ ಅಂತರ ಹೇಳದಿದ್ದರೆ 6 ಯೂನಿಟ್ ತಾನಾಗಿಯೇ ಬರುತ್ತಿತ್ತು, ಮಾವಿಯಲ್ಲಿ ಸೊನ್ನೆ. ಕಂಪೈಲರ್ ಇದನ್ನು ತಪ್ಪು ಅನ್ನುವುದಿಲ್ಲ, ಟೆಸ್ಟ್‌ಗಳೂ ಪಾಸ್. ಹಿಂದೆ ಜಾಗ ತುಂಬಿಕೊಳ್ಳುತ್ತಿದ್ದ ಎಕ್ಸ್‌ಪ್ಯಾಂಡ್ ಆಯ್ಕೆಗಳಿಗೆ ಹೊಸ ಲೇಔಟ್‌ಗಳಲ್ಲಿ ಕಿಮ್ಮತ್ತಿಲ್ಲ, ಕೆಳಗಿರಬೇಕಾದ ಬಟನ್ ಮೇಲೆ ಬಂದು ನಿಲ್ಲುತ್ತದೆ. ಹಾಗಾಗಿ ನಲವತ್ತು ಪರದೆಯನ್ನೂ ಎರಡು ಫೋನಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು.

ಆಮೇಲೆ ಕಸ್ಟಮ್ ರೆಂಡರರ್‌ಗಳು, ಅಂದರೆ ಪರದೆಯ ಭಾಗಗಳ ರೂಪ ಬದಲಿಸಲು ಬರೆದ ಕೋಡ್. ಅಂಚು ದುಂಡಗಿನ ಪಠ್ಯಪೆಟ್ಟಿಗೆ ಬೇಕೆಂದು 2018ರಲ್ಲಿ ಯಾರೋ ಬರೆದಿರುತ್ತಾರೆ, ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಮಾವಿಯಲ್ಲಿ ಅದರ ಜಾಗಕ್ಕೆ ಹ್ಯಾಂಡ್ಲರ್ ಎಂಬ ಬೇರೆ ವಿನ್ಯಾಸ. ಕೊನೆಗೆ ಹೊರಗಿನ ಪ್ಯಾಕೇಜುಗಳು: ಬಾರ್‌ಕೋಡ್ ಓದುವುದು, ಬ್ಲೂಟೂತ್ ಪ್ರಿಂಟರಿಗೆ ಬಿಲ್ ಕಳಿಸುವುದು. ಬಿಡುವಿನಲ್ಲಿ ಯಾರೋ ಒಬ್ಬರು ನಡೆಸುತ್ತಿದ್ದ ಪ್ಯಾಕೇಜ್ ಆದರೆ ಅವರು ಎಂದೋ ಕೈಬಿಟ್ಟಿರುತ್ತಾರೆ. ಅದನ್ನು ನೀವೇ ಬರೆಯಬೇಕು. ಹೀಗೆ ಲೈಸೆನ್ಸಿಗೆ ಒಂದು ಕಾಸೂ ಕೊಡದ ಆಪಿಗೆ ಇಬ್ಬರು ಮೂರ್ನಾಲ್ಕು ತಿಂಗಳು ಕೂರುತ್ತಾರೆ. 2013ರಲ್ಲಿ ಐದು ಜನಕ್ಕೆ ಕಟ್ಟಬೇಕಿದ್ದ ಆ ಐದೂವರೆ ಲಕ್ಷದ ಪಕ್ಕದಲ್ಲಿ ಈ ಸಂಬಳವನ್ನು ಇಟ್ಟು ನೋಡಿ.

ಈ ಖರ್ಚನ್ನು ಕೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಗಿರಾಕಿ ಕೇಳುವ ಪ್ರಶ್ನೆ ನ್ಯಾಯವಾದದ್ದೇ: “ಆಪಿನಲ್ಲಿ ಹೊಸದೇನೂ ಬರಲಿಲ್ಲವಲ್ಲ ಸಾರ್, ಮತ್ತೆ ಯಾವುದಕ್ಕೆ ದುಡ್ಡು?” ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ ದೋಷ ತಿದ್ದುವುದು ಇರುತ್ತದೆ, ಚೌಕಟ್ಟೇ ಸತ್ತರೆ ಏನು ಎಂಬುದು ಇರುವುದಿಲ್ಲ. ಸಣ್ಣ ಸಂಸ್ಥೆಗಳು ಹಲವು ಕಡೆ ಇದನ್ನು ತಮ್ಮ ಮೈಮೇಲೆಯೇ ಎಳೆದುಕೊಳ್ಳುತ್ತವೆ. ಸೆಪ್ಟೆಂಬರಿನ ಓಟದ ಬಿಲ್ ನೋವೆಲ್‌ನಿಂದ ಹೊರಟು, ಲೈಸೆನ್ಸ್ ಕೊಂಡವರನ್ನು, ಮೈಕ್ರೋಸಾಫ್ಟನ್ನು ಹಾದು ಕೊನೆಗೆ ಬಂದು ತಲುಪಿದ್ದು ಬನಶಂಕರಿಯ ಒಂದು ಎರಡನೇ ಮಹಡಿಯ ಆಫೀಸಿಗೆ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಬೆಲೆ ಇದ್ದಿದ್ದರೆ?

ಹಾಗಾದರೆ ದುಡ್ಡು ಕೊಟ್ಟು ಕೊಂಡಿದ್ದರೆ ಭದ್ರವಾಗಿರುತ್ತಿತ್ತೇ ಎಂದು ಕೇಳಬಹುದು. ಯೂನಿಟಿಯ ಕಡೆ ನೋಡಿದರೆ ಆ ಭರವಸೆಯೂ ಉಳಿಯುವುದಿಲ್ಲ. 2023ರ ಸೆಪ್ಟೆಂಬರ್ 12ರಂದು ಯೂನಿಟಿ ರನ್‌ಟೈಮ್ ಶುಲ್ಕ ಘೋಷಿಸಿತು. ಒಂದು ಮಿತಿ ದಾಟಿದ ಗೇಮಿನ ಪ್ರತಿ ಹೊಸ ಇನ್‌ಸ್ಟಾಲಿಗೆ 20 ಸೆಂಟ್‌ವರೆಗೆ, ಭಾರತದಂಥ ದೇಶಗಳ ಇನ್‌ಸ್ಟಾಲಿಗೆ 2 ಸೆಂಟ್‌ವರೆಗೆ. ಈಗಾಗಲೇ ಮಾರುಕಟ್ಟೆಯಲ್ಲಿದ್ದ ಗೇಮ್‌ಗಳಿಗೂ ಅನ್ವಯ. ಪುಕ್ಕಟೆ ಗೇಮ್ ಕೊಟ್ಟು ಜಾಹೀರಾತಿನಿಂದ ಒಬ್ಬ ಆಟಗಾರನಿಂದ ಕೆಲವೇ ಸೆಂಟ್ ಗಳಿಸುವವರಿಗೆ ಗಳಿಕೆಗಿಂತ ಶುಲ್ಕವೇ ಹೆಚ್ಚಾಗುವ ಲೆಕ್ಕ ಅದು. ಹತ್ತೇ ದಿನಕ್ಕೆ ಹಿಂದೆ ಸರಿದು ಷರತ್ತು ಸಡಿಲಿಸಿದರು. ಮುಖ್ಯಸ್ಥ ಜಾನ್ ರಿಕ್ಕಿಟಿಯೆಲ್ಲೋ ಅಕ್ಟೋಬರಿನಲ್ಲಿ ಹೊರಟರು. ಸರಿಯಾಗಿ ಒಂದು ವರ್ಷಕ್ಕೆ, 2024ರ ಸೆಪ್ಟೆಂಬರ್ 12ರಂದು, ಗೇಮ್‌ಗಳ ಮೇಲಿನ ಆ ಶುಲ್ಕವನ್ನೇ ರದ್ದು ಮಾಡಿದರು, ಪ್ರೊ ಚಂದಾವನ್ನು ಶೇ 8ರಷ್ಟು ಏರಿಸಿದರು. ಅಲ್ಲಿ ಡೆವಲಪರುಗಳು ಒಂದು ಮಾತನ್ನು ಗಟ್ಟಿಯಾಗಿ ಹೇಳಿದರು: ಚಂದಾ ಎಷ್ಟಾದರೂ ಕೊಡೋಣ, ಬರೆದಾದ ಮೇಲೆ ಷರತ್ತು ಬದಲಿಸಬೇಡಿ. ನೂರಾರು ಡಾಲರ್ ಚಂದಾ ಏರಿಕೆಯನ್ನು ನುಂಗಿಕೊಂಡವರು ಎರಡು ಸೆಂಟಿಗೆ ದಂಗೆ ಎದ್ದದ್ದು ಅದಕ್ಕೆ.

ಝಾಮರಿನ್‌ನಿಂದ ಮಾವಿಗೆ ಬಂದವರ ಪರಿಸ್ಥಿತಿ ಹೀಗಿದೆ. ಮಾವಿಯ ಪ್ರತಿ ಆವೃತ್ತಿಗೆ, ಮುಂದಿನದು ಬಂದ ಆರು ತಿಂಗಳವರೆಗೆ ಬೆಂಬಲ. ಡಾಟ್ ನೆಟ್ 8ಕ್ಕೆ ದೀರ್ಘಾವಧಿ ಬೆಂಬಲ ಎಂದು 2026ರ ನವೆಂಬರ್‌ವರೆಗೆ ಗಡುವು ಕೊಟ್ಟರು. ಆದರೆ ಅದೇ 8ರ ಮಾವಿಗೆ 2025ರ ಮೇ 14ಕ್ಕೇ ಬೆಂಬಲ ಮುಗಿಯಿತು. 2024ರ ಗಡುವಿಗೆ ಓಡೋಡಿ ಮಾವಿ 8ಕ್ಕೆ ಸಾಗಿಸಿದವರು ಒಂದು ವರ್ಷ ತುಂಬುವಷ್ಟರಲ್ಲಿ 9ಕ್ಕೆ ಸಾಗಬೇಕಾಯಿತು. ಈ ಸಾಗಣೆ ಹಿಂದಿನದರಷ್ಟು ಭಾರವಲ್ಲ, ಆದರೆ ಪ್ರತಿ ವರ್ಷ ಇದೆ.

ನಾನೀಗ ಕೊಟೇಶನ್ ಬರೆಯುವಾಗ ನಿರ್ವಹಣೆಯ ಕೆಳಗೆ ಇನ್ನೊಂದು ಸಾಲು ಪ್ರತ್ಯೇಕವಾಗಿ ಹಾಕುತ್ತೇನೆ: “ಎಕ್ಸ್‌ಕೋಡ್, ಆಂಡ್ರಾಯ್ಡ್ ಎಪಿಐ ಮತ್ತು ಚೌಕಟ್ಟಿನ ವಾರ್ಷಿಕ ಆವೃತ್ತಿ ಬದಲಾವಣೆ”, ಎದುರಿಗೆ ಎಷ್ಟು ದಿನದ ಕೆಲಸ ಎಂಬ ಅಂದಾಜು, ಫ್ಲಟರ್ ಆದರೂ ಸರಿ, ರಿಯಾಕ್ಟ್ ನೇಟಿವ್ ಆದರೂ ಸರಿ. ಗಿರಾಕಿ ಮೊದಲು ಹೊಡೆದುಹಾಕಲು ನೋಡುವುದು ಆ ಸಾಲನ್ನೇ. ಆಗ ಆಪಲ್‌ನ ಏಪ್ರಿಲ್ ಗಡುವಿನ ಸೂಚನೆಯ ಪುಟವನ್ನು ಅವರ ಮುಂದೆ ತೆರೆದಿಡುತ್ತೇನೆ. ಅರ್ಧ ಜನ ಒಪ್ಪುತ್ತಾರೆ.